ಎಲ್ಲದಕ್ಕೂ ಡ್ರಾಪ್‌ಡೌನ್ ಎಂತಕ್ಕೆ ಮಾರಾಯ್ರೆ

ನಾನು ಶಿವಮೊಗ್ಗದಲ್ಲಿ ಕೂತು ಸಣ್ಣಪುಟ್ಟ ವೆಬ್ ಅಪ್ಲಿಕೇಶನ್ ಮಾಡಿಕೊಡೋನು. ಅಡಿಕೆ ಮಂಡಿಯೋರಿರ್ಲಿ, ಸೊಸೈಟಿಯೋರಿರ್ಲಿ, ಹೋಂಸ್ಟೇ ಇಟ್ಟೋರಿರ್ಲಿ, ಎಲ್ರದ್ದೂ ಒಂದೇ ರಾಗ: "ಜನ ಟೈಪ್ ಮಾಡಲ್ಲ ಸಾರ್, ಎಲ್ಲಾ ಕಡೆ ಡ್ರಾಪ್‌ಡೌನ್ ಹಾಕ್ಬಿಡಿ." ಡ್ರಾಪ್‌ಡೌನ್ ಅಂದ್ರೆ ಒತ್ತಿದ್ರೆ ಕೆಳಗೆ ಬಿಚ್ಕೊಳ್ಳೋ ಪಟ್ಟಿ, ಅದ್ರಲ್ಲಿ ಒಂದನ್ನ ಆರಿಸ್ಬೇಕು.

ಹಾಕ್ಬೇಕಾದಲ್ಲಿ ಹಾಕ್ಲೇಬೇಕು, ಇಲ್ಲ ಅನ್ನಲ್ಲ. ತಾಲ್ಲೂಕನ್ನ ಟೈಪ್ ಮಾಡಕ್ಕೆ ಬಿಟ್ರೆ ಒಬ್ರು ತೀರ್ಥಹಳ್ಳಿ ಅಂತಾರೆ, ಇನ್ನೊಬ್ರು ತೀರ್ಥಳ್ಳಿ, ಇಂಗ್ಲಿಷಲ್ಲಿ ಹೊಡ್ಯೋರು ಒಂದು ಎಚ್ ಜಾಸ್ತಿನೋ ಕಮ್ಮಿನೋ ಮಾಡ್ತಾರೆ, ಆಮೇಲೆ ತಾಲ್ಲೂಕುವಾರು ರಿಪೋರ್ಟ್ ತೆಗೀರಿ ಅಂದ್ರೆ ದೇವ್ರೇ ಗತಿ. ಜಿಲ್ಲೇಲಿರೋದು ಏಳೇ ತಾಲ್ಲೂಕು, ಅಲ್ಲಿ ಡ್ರಾಪ್‌ಡೌನ್ ಮಾಡೋ ಸೆಲೆಕ್ಟ್ ಟ್ಯಾಗ್ ಹಾಕಿ, ಮುಗೀತು.

ಆದ್ರೆ ಅಡಿಕೆ ಯಾವ ಬಗೆ ಅನ್ನೋದಕ್ಕೆ? ಸರಕು, ಬೆಟ್ಟೆ, ರಾಶಿ, ಗೊರಬಲು, ನಾಲ್ಕನ್ನ ಮುಚ್ಚಿಟ್ಟು ಒತ್ತಿದ್ಮೇಲೆ ತೋರಿಸೋದು ಎಂತಕ್ಕೆ? ಒಂದೊಂದರ ಪಕ್ಕ ಒತ್ತಿ ಆರಿಸೋ ಗುಂಡನೆ ಗುರುತಿರೋ ರೇಡಿಯೋ ಬಟನ್ ಕೊಟ್ರೆ ನಾಲ್ಕೂ ಕಣ್ಣೆದುರಿಗೇ ಇರುತ್ತೆ. ಹುಟ್ಟಿದ ಇಸ್ವಿಗೆ ಡ್ರಾಪ್‌ಡೌನ್ ಹಾಕೋರಿಗಂತೂ ಎಂತ ಹೇಳೋದೋ ಗೊತ್ತಿಲ್ಲ, 1952ರಲ್ಲಿ ಹುಟ್ಟಿದ ಅಜ್ಜ ಈ ವರ್ಷದಿಂದ ಶುರು ಮಾಡಿ ಬೆರಳಲ್ಲಿ ತಳ್ತಾ ತಳ್ತಾ ಹೋಗಿ, ಕೈ ಜಾರಿ 1938ಕ್ಕೆ ಇಳಿದು, ಮತ್ತೆ ವಾಪಸ್ ಹತ್ಬೇಕು. ನಾಲ್ಕು ಅಂಕಿ ಹೊಡೆಯೋ ಬಾಕ್ಸ್ ಕೊಟ್ರೆ ಆಗಲ್ವಾ? ಊರಿನ ಹೆಸರಿಗೂ ಅಷ್ಟೇ, ನೂರಾರು ಊರನ್ನ ಒಂದೇ ಪಟ್ಟೀಲಿ ತುಂಬೋ ಬದಲು ಎರಡಕ್ಷರ ಹೊಡೆದ್ರೆ ತಾನೇ ತೋರಿಸೋ ಡೇಟಾಲಿಸ್ಟ್ ಇದೆ.

ನಂಗೆ ತೀರಾ ಸಿಟ್ಟು ಬರ್ಸೋದು ಡೀಫಾಲ್ಟ್ ವಿಷ್ಯ, ಅಂದ್ರೆ ನಾವು ಆರಿಸ್ದೇ ಇದ್ರೂ ತಾನೇ ಆಯ್ಕೆಯಾಗಿರೋದು. ಮೊದಲ ಆಪ್ಷನ್ ಖಾಲಿ ಇಡದಿದ್ರೆ ಬ್ರೌಸರ್ ತಾನೇ ಮೊದಲ್ನೇದನ್ನ ಆರಿಸ್ಕೊಂಡು ಕೂರುತ್ತೆ. ಇಂಗ್ಲಿಷ್ ಅಕ್ಷರದ ಪ್ರಕಾರ ಜೋಡಿಸಿದ ಪಟ್ಟೀಲಿ ಮೊದಲು ಬರೋದು ಭದ್ರಾವತಿ, ಹಾಗಾಗಿ ಗಡಿಬಿಡೀಲಿ ಸಬ್ಮಿಟ್ ಒತ್ತಿದ ಸೊರಬದೋರು, ಹೊಸನಗರದೋರು ಎಲ್ಲಾ ಭದ್ರಾವತಿಯೋರೇ. ಎರರ್ ಬರಲ್ಲ, ಡೇಟಾ ನೋಡಕ್ಕೂ ಸರಿಯಾಗೇ ಇರುತ್ತೆ, ಯಾರಿಗೂ ಗೊತ್ತೇ ಆಗಲ್ಲ. "ತಾಲ್ಲೂಕು ಆರಿಸಿ" ಅಂತ ಮೇಲೊಂದು ಸಾಲಿಟ್ಟು, ಅದರ ವ್ಯಾಲ್ಯೂ (ಸರ್ವರ್‌ಗೆ ಹೋಗೋ ಮಾಹಿತಿ) ಖಾಲಿ ಬಿಟ್ಟು, ಸೆಲೆಕ್ಟ್ ಟ್ಯಾಗ್‌ಗೆ ರಿಕ್ವೈರ್ಡ್ (ತುಂಬ್ಲೇಬೇಕು) ಅಂತ ಹಾಕಿದ್ರೆ ಆರಿಸ್ದೇ ಇದ್ರೆ ಫಾರ್ಮ್ ಮುಂದಕ್ಕೇ ಹೋಗಲ್ಲ.

ತಾಲ್ಲೂಕು ಆರಿಸಿದ್ರೆ ಹೋಬಳಿ ಬರೋ ಕಡೆ ಪ್ರತಿ ಸಲ ಸರ್ವರ್‌ಗೆ ಓಡ್ಬೇಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ, ನೆಟ್‌ವರ್ಕ್ ಒಂದು ಕಡ್ಡಿಗೆ ಬಂದಿರೋ ಮನೇಲಿ ಕೂತೋರು ಆ ಸುತ್ತೋ ಚಕ್ರ ನೋಡ್ತಾ ಎಷ್ಟೊತ್ತು ಕಾಯ್ತಾರೆ? ಹೋಬಳಿ ಪಟ್ಟಿ ಚಿಕ್ದು, ಪೇಜ್ ಜೊತೇಲೇ ಕಳ್ಸಿ. ತಾಲ್ಲೂಕು ಬದಲಾಯಿಸಿದ್ರೆ ಹಳೇ ಹೋಬಳಿ ಅಳಿಸೋದು ಮಾತ್ರ ಮರೀಬೇಡಿ, ಇಲ್ದಿದ್ರೆ ಸಾಗರ ತಾಲ್ಲೂಕಲ್ಲಿ ತೀರ್ಥಹಳ್ಳಿಯ ಆಗುಂಬೆ ಹೋಬಳಿ ಸೃಷ್ಟಿ ಆಗುತ್ತೆ.

ಇನ್ನೊಂದು, ಡೇಟಾಬೇಸಲ್ಲಿ ಹೆಸರಿನ ಬದಲು ಅದಕ್ಕೊಂದು ಬದಲಾಗದ ಗುರುತಿನ ಕೋಡ್ ಇಡಿ. 2014ರ ನವೆಂಬರ್ 1ಕ್ಕೆ ಶಿಮೊಗ್ಗ ಹೋಗಿ ಅಧಿಕೃತವಾಗಿ ಶಿವಮೊಗ್ಗ ಆಯ್ತಲ್ಲ, ಕೋಡ್ ಇಟ್ಕೊಂಡೋರು ಆಪ್ಷನ್‌ನಲ್ಲಿ ಕಾಣೋ ಹೆಸರೊಂದನ್ನ ಬದಲಾಯಿಸಿದ್ರೆ ಸಾಕು, ಹಳೇ ಎಂಟ್ರಿ ಒಂದನ್ನೂ ಮುಟ್ಟೋದು ಬೇಡ.