ಕನಸಿನ ಮಾತ್ರೆ: ಆ ಮೆಸೇಜ್ ನಂಬಬೇಡಿ

"ಗ್ಯಾಲಂಟಮೈನ್ ಮಾತ್ರೆ ಗಿಡದಿಂದ ಮಾಡಿದ್ದು, ಮಕ್ಕಳಿಗೂ ಏನೂ ಆಗಲ್ಲ, ನುಂಗಿದರೆ ಕನಸನ್ನು ಬೇಕಾದ ಹಾಗೆ ನಡೆಸಬಹುದು" ಅಂತ ಕಾಸರಗೋಡು, ಬದಿಯಡ್ಕ ಕಡೆಯ ಪ್ಲಸ್ ಟು ಮಕ್ಕಳ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. ಅದು ಆಲ್ಝೈಮರ್ಸ್ ಮರೆವಿನ ಕಾಯಿಲೆಗೆ ಡಾಕ್ಟರ್ ಬರೆದುಕೊಡುವ ಔಷಧಿ. ಮೊದಲು ಗಿಡದಿಂದಲೇ ತೆಗೆದದ್ದು ನಿಜ, ಆದರೆ ನಮ್ಮ ಕಾಸರಕನ ಮರದ ವಿಷದ ಬೀಜವೂ ಗಿಡದ್ದೇ ಅಲ್ವಾ, ಅದನ್ನು ಯಾರಾದರೂ ತಿನ್ನುತ್ತಾರಾ?

2018ರ ಒಂದು ಅಧ್ಯಯನದಲ್ಲಿ ಇದರಿಂದ, ಕಾಣುತ್ತಿರುವಾಗಲೇ ಇದು ಕನಸು ಅಂತ ಗೊತ್ತಾಗುವಂಥ ಕನಸು ಜಾಸ್ತಿಯಾಗಿದ್ದು ಹೌದು. ಆದರೆ ಅವರೆಲ್ಲ ದೊಡ್ಡವರು, ನಡುರಾತ್ರಿ ಎದ್ದು ಅದಕ್ಕೆಂದೇ ಅಭ್ಯಾಸ ಮಾಡಿದವರು. ಹದಿಹರೆಯದವರಿಗೆ ಸುರಕ್ಷಿತ ಅಂತ ಅದು ತೋರಿಸಿಲ್ಲ. ವಾಂತಿ ಬರಬಹುದು, ಎದೆಬಡಿತ ನಿಧಾನವಾಗಿ ತಲೆ ತಿರುಗಿ ಬೀಳಬಹುದು, ಆಸ್ತಮಾ ಇದ್ದವರಿಗಂತೂ ಅಪಾಯ ಇನ್ನೂ ಹೆಚ್ಚು. ಇದರ ಜೊತೆ ನುಂಗಿ ಅಂತ ಕೆಲವರು ಹೇಳುವ ವಿಟಮಿನ್ ಬಿ6 ಕೂಡ ಹೆಚ್ಚು ಪ್ರಮಾಣದಲ್ಲಿ ತಿಂಗಳುಗಟ್ಟಲೆ ತಿಂದರೆ ನರಕ್ಕೆ ಪೆಟ್ಟು. ಈಗಾಗಲೇ ನುಂಗಿದ ಮಕ್ಕಳಿಗೆ ತಲೆ ಸುತ್ತಿದರೆ ಬೈಯುತ್ತಾ ಕೂರಬೇಡಿ, ಮಾತ್ರೆಯ ಡಬ್ಬಿ ಸಮೇತ ಆಸ್ಪತ್ರೆಗೆ ಕರೆದುಕೊಂಡು ಹೋಗಿ.