ತವರಿಗೆ ಕಳುಹಿಸುವ ಮುನ್ನ

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ನಮ್ಮ ಪದ್ಧತಿಯ ಮೇಲೆ ನನಗೆ ತಕರಾರಿಲ್ಲ. ಅರಿವಳಿಕೆ ವೈದ್ಯನಾಗಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನೆಲೆಸಿದ ಮೇಲಂತೂ ಅದರ ಬೆಲೆ ಚೆನ್ನಾಗಿ ತಿಳಿದಿದೆ. ಆದರೆ ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಕುತ್ತಿಗೆಯಲ್ಲಿ ದೊಡ್ಡ ಗಡ್ಡೆ ಕಂಡಿದ್ದರೆ, ಸೀಮಂತ ಮುಗಿಸಿ ಮಗಳನ್ನು ಊರಿಗೆ ಕರೆದೊಯ್ಯಬೇಡಿ ಎನ್ನುತ್ತೇನೆ.

ಗಡ್ಡೆ ಶ್ವಾಸನಾಳವನ್ನು ಒತ್ತುತ್ತಿದ್ದರೂ ಒಳಗಿರುವ ಮಗುವಿಗೆ ಉಸಿರಿನ ಚಿಂತೆಯಿಲ್ಲ. ಆಮ್ಲಜನಕ ಹೊಕ್ಕುಳಬಳ್ಳಿಯಿಂದ ಬರುತ್ತದೆ. ಬಳ್ಳಿ ಕತ್ತರಿಸಿದ ಮೇಲೆ ಉಳಿಯುವುದು ಕೆಲವೇ ನಿಮಿಷ. ಆದ್ದರಿಂದ ಮಗುವಿನ ಉಸಿರಿಗೆ ದಾರಿ ಮಾಡುವವರೆಗೂ ಬಳ್ಳಿ ಕತ್ತರಿಸುವುದನ್ನೇ ಮುಂದೂಡುವ ‘ಎಕ್ಸಿಟ್’ ಎಂಬ ವಿಧಾನವಿದೆ. 1990ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇದು ಬೆಳೆದದ್ದು ಬೇರೆ ಕಾರಣಕ್ಕೆ: ಎದೆ, ಹೊಟ್ಟೆಗಳ ನಡುವಿನ ಪರದೆಯಾದ ವಪೆಯಲ್ಲಿ ರಂಧ್ರವಿದ್ದ ಶಿಶುಗಳ ಶ್ವಾಸನಾಳಕ್ಕೆ, ಶ್ವಾಸಕೋಶ ಬೆಳೆಯಲೆಂದು ಗರ್ಭದಲ್ಲೇ ಹಾಕಿದ್ದ ಕ್ಲಿಪ್ ತೆಗೆಯಲು.

ಸಾಮಾನ್ಯ ಸಿಸೇರಿಯನ್‌ನಲ್ಲಿ ಮಗು ಬಂದೊಡನೆ ಗರ್ಭಕೋಶ ಬಿಗಿಯಾಗಲೆಂದು ಕಾಯುತ್ತೇವೆ. ಎಕ್ಸಿಟ್‌ನಲ್ಲಿ ಗಾಢ ಅರಿವಳಿಕೆ ಕೊಟ್ಟು ಅದನ್ನು ಸಡಿಲವಾಗಿಯೇ ಇಡುತ್ತೇವೆ. ಮಗುವಿನ ತಲೆ, ಭುಜಗಳಷ್ಟೇ ಹೊರಗೆ. ಗರ್ಭಕೋಶ ಕುಗ್ಗದಂತೆ ಬೆಚ್ಚಗಿನ ದ್ರವ ಹರಿಯುತ್ತಿರುತ್ತದೆ. ಪುಟ್ಟ ಕೈಗೆ ಆಕ್ಸಿಮೀಟರ್. ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪ್‌ನಿಂದ ದಾರಿ ಕಾಣದಿದ್ದರೆ ಶ್ವಾಸನಾಳದೊಳಗೇ ಇಳಿಸುವ ಬ್ರಾಂಕೋಸ್ಕೋಪ್, ಅದಕ್ಕೂ ಬಗ್ಗದಿದ್ದರೆ ಕುತ್ತಿಗೆ ಕೊಯ್ದು ನಳಿಕೆ. ಅಷ್ಟು ಹೊತ್ತೂ ಮಾಸು ಮಗುವನ್ನು ಪೊರೆಯುತ್ತದೆ. ನನ್ನ ನಿಜವಾದ ಭಯ ಆನಂತರದ್ದು: ಸಡಿಲಿಸಿದ ಗರ್ಭಕೋಶ ಬಿಗಿಯಾಗದೆ ತಾಯಿಗೆ ರಕ್ತಸ್ರಾವವಾಗಬಹುದು.

ಎಲ್ಲ ಗಡ್ಡೆಗೂ ಇಷ್ಟು ಬೇಕಿಲ್ಲ. ಶ್ವಾಸನಾಳವನ್ನು ಒತ್ತದ ನೀರುಗಡ್ಡೆಯಾದರೆ, ನುರಿತವರು ಪಕ್ಕದಲ್ಲಿದ್ದರೆ ಸಾಕು. ಗಡ್ಡೆ ಎಷ್ಟು ಒತ್ತುತ್ತಿದೆ ಎಂದು ಅಳೆಯಲು ಎಂಆರ್‌ಐ ನೆರವಾಗುತ್ತದೆ.

ಇಂಥ ಕೈಗಳು ಬೆಂಗಳೂರಿನಲ್ಲೂ ಇವೆ. ಕಷ್ಟ ಅವರನ್ನು ಒಂದೇ ಮೇಜಿನ ಸುತ್ತ ಸೇರಿಸುವುದು. ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆ ಇಂಥ ತಾಯಂದಿರಿಗಾಗಿಯೇ 2008ರಲ್ಲಿ ತನ್ನೊಳಗೇ ಹೆರಿಗೆ ವಿಭಾಗ ತೆರೆಯಿತು. ಗಡ್ಡೆಯಿಂದ ಮಗು ಗರ್ಭಜಲ ನುಂಗಲಾರದೆ ಹೋದರೆ ನೀರು ತುಂಬಿ ದಿನ ತುಂಬುವ ಮೊದಲೇ ನೋವು ಬರಬಹುದು. ಮಧ್ಯರಾತ್ರಿ, ತಾಲ್ಲೂಕು ಕೇಂದ್ರದಲ್ಲಿ, ಸ್ಕ್ಯಾನಿಂಗ್ ವರದಿ ಚೀಲದ ತಳದಲ್ಲಿದ್ದಾಗ, ಯಾರು ಏನು ಮಾಡಿಯಾರು? ಇಲ್ಲಿ ಫಿಲಡೆಲ್ಫಿಯಾದಲ್ಲಿ ಕುಟುಂಬಗಳು ವಾರಗಳ ಮೊದಲೇ ಆಸ್ಪತ್ರೆಯ ಹತ್ತಿರ ಬಂದು ಕೋಣೆ ಹಿಡಿಯುತ್ತವೆ. ಹಾಗೆಂದು ಇಲ್ಲಿನದೆಲ್ಲ ಚಿನ್ನವೇನಲ್ಲ. ಗಂಡ ರಜೆ ಉಳಿಸಲು ಕೆಲಸಕ್ಕೆ ಮರಳಿರುತ್ತಾನೆ, ಬಸುರಿ ಒಬ್ಬಳೇ ಕುಳಿತು ವಿಮಾ ಕಂಪನಿಯ ಪತ್ರ ಓದುತ್ತಿರುತ್ತಾಳೆ. ನಮ್ಮಲ್ಲಾದರೆ ಅಮ್ಮ, ಅತ್ತೆ, ಚಿಕ್ಕಮ್ಮ ಇದ್ದಾರೆ. ಅವರೇ ನಗರಕ್ಕೆ ಬಂದು ಆರೈಕೆ ಮಾಡಲಿ.

ಇನ್ನೊಂದು ಮಾತನ್ನು ಮುಲಾಜಿಲ್ಲದೆ ಹೇಳುತ್ತೇನೆ. ಸುದ್ದಿ ಕೆಟ್ಟದ್ದಾದರೆ ನಮ್ಮಲ್ಲಿ ಗಂಡನನ್ನೋ ಮಾವನನ್ನೋ ಹೊರಗೆ ಕರೆದು ಹೇಳುವ ರೂಢಿ ಇನ್ನೂ ಹೋಗಿಲ್ಲ. ‘ಅವಳಿಗೆ ಹೇಳಬೇಡಿ, ಹೆದರಿಕೊಳ್ಳುತ್ತಾಳೆ.’ ಕೊಯ್ಯುವುದು ಅವಳ ಹೊಟ್ಟೆ, ಹರಿಯುವುದು ಅವಳ ರಕ್ತ, ಗಾಯದ ಗುರುತು ಮುಂದಿನ ಬಸಿರಿನವರೆಗೂ ಬರುತ್ತದೆ. ಎಕ್ಸಿಟ್ ಬೇಡ ಎನ್ನುವ ಹಕ್ಕೂ ಅವಳದೇ. ವರದಿ ಬಂದ ದಿನವೇ ಅವಳನ್ನು ಕೂರಿಸಿಕೊಂಡು ವೈದ್ಯರು ಎಲ್ಲವನ್ನೂ ಬಿಡಿಸಿ ಹೇಳಬೇಕು. ಮನೆಯವರು ಆಮೇಲೆ ಬಂದು ಕೇಳಲಿ.