ನೂರಕ್ಕೆ ನಲವತ್ತರ ನೀತಿ

ಕಳೆದ ವರ್ಷ ವರ್ಷತೊಡಕಿನ ಮಾರನೇ ದಿನ ನಮ್ಮ ಸೋದರಮಾವನ ಹೆಸರು ಪೇಪರಿನಲ್ಲಿ ಬಂತು. ಅರವತ್ತೆರಡು ವರ್ಷದ ಬದುಕಿನಲ್ಲಿ ಅದೇ ಮೊದಲು. "ಅಂದರ್ ಬಾಹರ್ ಜೂಜಾಟದಲ್ಲಿ ತೊಡಗಿದ್ದ ಆರು ಮಂದಿಯ ಬಂಧನ. 52 ಇಸ್ಪೀಟು ಎಲೆ, 1,850 ರೂ. ನಗದು ಹಾಗೂ ಒಂದು ಹಳೆಯ ಟವೆಲ್ ವಶ." ಮಾಮನಿಗೆ ಬೇಜಾರಾಗಿದ್ದು ಹೆಸರು ಬಂದದ್ದಕ್ಕಲ್ಲ. ಟವೆಲ್ ಹಳೆಯದು ಅಂತ ಬರೆದದ್ದಕ್ಕೆ. ಹಬ್ಬಕ್ಕೆ ಅಂತ ಅತ್ತೆ ಸಂತೆಯಲ್ಲಿ ಚೌಕಾಸಿ ಮಾಡಿ ತಂದಿದ್ದ ಹೊಸ ಟವೆಲ್ ಅದು. ಇನ್ನೊಂದು ತಕರಾರೂ ಇತ್ತು: "ನಾವು ಆಡ್ತಿದ್ದದ್ದು ರಮ್ಮಿ ಕಣ್ಲಾ. ಅಂದರ್ ಬಾಹರ್ ಅಂತ ಯಾಕೆ ಬರ್ಕೊಂಡ್ರು?"

ನಮ್ಮ ಕಡೆ ಯುಗಾದಿ ಅಂದರೆ ಮೊದಲ ದಿನ ಬೇವು ಬೆಲ್ಲ, ಒಬ್ಬಟ್ಟು. ಎರಡನೇ ದಿನ ವರ್ಷತೊಡಕು, ಅಂದರೆ ಬಾಡೂಟ ಮತ್ತು ಇಸ್ಪೀಟು ಎಲೆ. ಅವತ್ತು ಅರಳಿಕಟ್ಟೆ ಮೇಲೆ ಟವೆಲ್ ಹಾಸದಿದ್ದರೆ ಹೊಸ ವರ್ಷ ಬಂತು ಅಂತ ಯಾರೂ ಒಪ್ಪುವುದಿಲ್ಲ.

ಹೀಗೆ ಕೇಸು ಹಾಕಿಸಿಕೊಂಡ ಮಾಮ 2025ರ ಆಗಸ್ಟಿನಲ್ಲಿ ಟಿವಿ ಮುಂದೆ ಕೂತು ಬೆರಗಾದರು. ದಿಲ್ಲಿಯಲ್ಲಿ ಆನ್‌ಲೈನ್ ಗೇಮಿಂಗ್ ಮಸೂದೆ 20ಕ್ಕೆ ಲೋಕಸಭೆ ದಾಟಿತು, 21ಕ್ಕೆ ರಾಜ್ಯಸಭೆ ದಾಟಿತು, 22ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಮೂರೇ ದಿನ! ನಮ್ಮೂರ ಚರಂಡಿಗೆ ಚಪ್ಪಡಿ ಹಾಕಿಸೋ ಅರ್ಜಿ ಪಂಚಾಯಿತಿಯ ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗೋಕೆ ಇದಕ್ಕಿಂತ ಜಾಸ್ತಿ ಹಿಡಿಯಿತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟವೆಲ್ಲ ಬಂದ್. ಆಡಿಸುವ ಕಂಪನಿಯವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡಿದವನಿಗೆ ಏನೂ ಇಲ್ಲ, ಅವನು ಪಾಪ ಮೋಸಹೋದವನು.

ಇದರಲ್ಲಿ ತಪ್ಪೇನಿಲ್ಲ. ಹೆಂಡತಿಯ ಸರ ಅಡವಿಟ್ಟು, ಆ್ಯಪಿನಿಂದ ಸಾಲ ಎತ್ತಿ, ಮತ್ತೊಂದು ಆ್ಯಪಿಗೆ ಸುರಿದು, ಕೊನೆಗೆ ಹಗ್ಗ ಹುಡುಕಿಕೊಂಡು ಹೋದ ಹುಡುಗರ ಸುದ್ದಿ ಎಲ್ಲ ತಾಲ್ಲೂಕಿನಲ್ಲೂ ಇದೆ. ಅದು ನಗುವ ವಿಷಯವಲ್ಲ. ನಗು ಬರೋದು ಸರ್ಕಾರ ಗಂಟಲು ಸರಿಮಾಡಿಕೊಂಡು ನೀತಿ, ಸಂಸ್ಕಾರ ಅಂತ ಶುರು ಮಾಡಿದಾಗ. ಹಾಸಿಗೆಯಲ್ಲಿ ಮಲಗಿ ಮೊಬೈಲಿನಲ್ಲಿ ರಮ್ಮಿ ಆಡಿದವನು ಸಂತ್ರಸ್ತ. ಕಟ್ಟೆ ಮೇಲೆ ಚಕ್ಕಳಮಕ್ಕಳ ಕೂತು ಆಡಿದ ಮಾಮ ಆರೋಪಿ.

ಸೆಪ್ಟೆಂಬರ್ 3ಕ್ಕೆ ಜಿಎಸ್‌ಟಿ ಮಂಡಳಿ ಸಭೆ ಸೇರಿತು. ಬೆಟ್ಟಿಂಗ್, ಕ್ಯಾಸಿನೋ, ಕುದುರೆ ರೇಸು, ಲಾಟರಿ ಎಲ್ಲಕ್ಕೂ ತೆರಿಗೆ ನೂರಕ್ಕೆ 28ರಿಂದ 40ಕ್ಕೆ ಏರಿತು. ಆ ಪಟ್ಟಿಯಲ್ಲಿ ಇನ್ನೊಂದು ಹೆಸರೂ ಇತ್ತು: ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ! ಹನ್ನೆರಡು ದಿನದ ಹಿಂದೆ ತಾವೇ ಮುಗಿಸಿದ್ದ ಆಟ. ಸತ್ತ ಎಮ್ಮೆಯ ಕೆಚ್ಚಲಿಗೆ ಚೊಂಬು ಹಿಡಿದು ಕೂತ ಹಾಗೆ. ಅದಕ್ಕೂ ಮೊದಲು, 2023ರ ಅಕ್ಟೋಬರಿನಿಂದ, ಇದೇ ಆಟದ ಮೇಲೆ ನೂರಕ್ಕೆ 28 ವಸೂಲಿಯಾಗುತ್ತಿತ್ತು. ಆ ಎರಡು ವರ್ಷ ನೀತಿ ರಜೆ ಮೇಲೆ ಹೋಗಿತ್ತೋ ಏನೋ.

ದಿಲ್ಲಿಯವರನ್ನೇ ಯಾಕೆ ಆಡಿಕೊಳ್ಳಬೇಕು, ನಮ್ಮವರೇನು ಕಡಿಮೆಯೇ? 2021ರಲ್ಲಿ ಕರ್ನಾಟಕವೂ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಜೂಜು ನಿಲ್ಲಿಸಿತ್ತು. ಅದರಲ್ಲಿ ಎರಡಕ್ಕೆ ಮಾತ್ರ ವಿನಾಯಿತಿ: ಲಾಟರಿ, ಮತ್ತು ರೇಸ್‌ಕೋರ್ಸಿನಲ್ಲಿ ಓಡುವ ಕುದುರೆ. ಲಾಟರಿಯನ್ನು 2007ರಲ್ಲೇ ರಾಜ್ಯದಿಂದ ಓಡಿಸಿದ್ದವರೂ ಇದೇ ವಿಧಾನಸೌಧದವರು. ಊರು ಬಿಟ್ಟು ಹೋದವನಿಗೆ ಊರ ಮುಂದೆ ಕಮಾನು ಕಟ್ಟಿದ ಹಾಗಾಯಿತು. ಕುದುರೆಯ ವಿಷಯ ಬೇರೆ ಬಿಡಿ. ಅದು ವಿಧಾನಸೌಧದಿಂದ ಕೂಗಳತೆಯಲ್ಲಿ ಓಡುತ್ತದೆ. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನೇ ತೆಗೆದುಹಾಕಿತು.

ಕೋರ್ಟಿನ ಲೆಕ್ಕ ಅಂದರೆ ಕೌಶಲದ ಆಟವೋ, ಅದೃಷ್ಟದ ಆಟವೋ ಅನ್ನೋದು. ರಮ್ಮಿಯಲ್ಲಿ ಕೌಶಲವೇ ಹೆಚ್ಚು ಅಂತ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತು. ಕುದುರೆ ರೇಸೂ ಕೌಶಲವೇ ಅಂತ 1996ರಲ್ಲಿ ಹೇಳಿತು. ಮಾಮನ ಕೇಸಿನಲ್ಲಿ ರಮ್ಮಿಯ ಬದಲು ಬರೀ ಅದೃಷ್ಟದ ಆಟವಾದ ಅಂದರ್ ಬಾಹರ್ ಯಾಕೆ ಬಂತು ಅಂತ ನನಗೆ ಆಗ ಹೊಳೆಯಿತು. ಈ ಲೆಕ್ಕ ಹಿಡಿದರೆ ಹಸ್ತಿನಾಪುರದ ಪಗಡೆಯಲ್ಲಿ ಧರ್ಮರಾಯ ಆಡಿದ್ದು ಅದೃಷ್ಟದ ಆಟ, ಅದೇ ಹಾಸಿನ ಮೇಲೆ ಶಕುನಿ ಆಡಿದ್ದು ಅಪ್ಪಟ ಕೌಶಲದ ಆಟ. ಕೇಸು ಬೀಳೋದು ಧರ್ಮರಾಯನ ಮೇಲೆ.

ಕೌಶಲಕ್ಕೆ ಬೆಲೆ ಕೊಡೋದು ಹೇಗೆ ಅಂತ ಮಹಾರಾಷ್ಟ್ರ ತೋರಿಸಿದೆ. 2025ರ ಜುಲೈನಲ್ಲಿ ಅಲ್ಲಿನ ಕೃಷಿ ಸಚಿವ ಮಾಣಿಕ್‌ರಾವ್ ಕೋಕಾಟೆ ಸದನದಲ್ಲಿ ಕೂತು ಮೊಬೈಲಿನಲ್ಲಿ ರಮ್ಮಿ ಆಡುತ್ತಿದ್ದರು ಅಂತ ವಿಡಿಯೊ ಹರಿದಾಡಿತು. ನಾನು ಆಡುತ್ತಿರಲಿಲ್ಲ, ಅದು ತಾನಾಗೇ ತೆರೆದುಕೊಂಡಿತ್ತು ಅಂತ ಅವರು ಹೇಳಿದರು. ನಂಬೋಣ. ಗಲಾಟೆ ಜೋರಾದ ಮೇಲೆ ಅವರಿಂದ ಕೃಷಿ ಖಾತೆ ಕಿತ್ತುಕೊಂಡರು. ಕೊಟ್ಟದ್ದು ಯಾವುದು ಗೊತ್ತಾ? ಕ್ರೀಡಾ ಖಾತೆ.

ಗೋವಾದಲ್ಲಿ ಇನ್ನೊಂದು ಬಗೆ. 2020ರಿಂದ ಗೋವಾದವರಿಗೆ ಕ್ಯಾಸಿನೋ ಒಳಗೆ ಪ್ರವೇಶವಿಲ್ಲ, ಹಾಳಾಗಿಬಿಡುತ್ತಾರೆ ಅಂತ. ಹುಬ್ಬಳ್ಳಿ, ಬೆಳಗಾವಿಯಿಂದ ಬಂದವರು ಆರಾಮಾಗಿ ಹಾಳಾಗಬಹುದು. ಕೇರಳದಲ್ಲಂತೂ ಸರ್ಕಾರವೇ 1967ರಿಂದ ಲಾಟರಿ ಮಾರುತ್ತಿದೆ. 2024ರ ಓಣಂ ಬಂಪರ್ 25 ಕೋಟಿ ಹೊಡೆದದ್ದು ನಮ್ಮ ಮಂಡ್ಯ ಜಿಲ್ಲೆಯವರಿಗೇ. ಅವರ ಹೆಸರೂ ಪೇಪರಿನಲ್ಲಿ ಬಂತು, ಫೋಟೊ ಸಮೇತ. ಟವೆಲ್ ಸುದ್ದಿ ಇರಲಿಲ್ಲ.

ಇದನ್ನೆಲ್ಲ ಮೊನ್ನೆ ಜಗಲಿ ಮೇಲೆ ಕೂತು ಮಾಮನಿಗೆ ವಿವರಿಸಿದೆ. ಎಲೆಅಡಿಕೆ ಮೆಲ್ಲುತ್ತಾ ಪೂರ್ತಿ ಕೇಳಿಸಿಕೊಂಡರು.

"ಹಂಗಾರೆ ನಲವತ್ತು ಕೊಟ್ಟೋನು ಮರ್ಯಾದಸ್ಥ ಅನ್ನು."

"ಹಾಗೇ ಅಂದ್ಕೊಳ್ಳಿ ಮಾಮ."

"ಅವತ್ತು ಟವೆಲ್ ಮೇಲೆ ಇದ್ದದ್ದು 4,300 ರೂಪಾಯಿ ಕಣ್ಲಾ. ನಾನೇ ಎಣಿಸಿದ್ದೆ. ಪೇಪರಿನಲ್ಲಿ ಬಂದದ್ದು 1,850. ಮಿಕ್ಕಿದ್ದು ಜೀಪಿಗೂ ಸ್ಟೇಷನ್ನಿಗೂ ಮಧ್ಯ ಎಲ್ಲೋ ಉದುರೋಯ್ತು. ನೂರಕ್ಕೆ ಎಷ್ಟಾಯ್ತು, ನಿನ್ನ ಮೊಬೈಲಲ್ಲಿ ಒಸಿ ಲೆಕ್ಕ ಹಾಕು."

ಹಾಕಿದೆ. 57 ಬಂತು.

ಮಾಮ ಅಂಗಳಕ್ಕೆ ಬಗ್ಗಿ ಎಲೆಅಡಿಕೆ ಉಗಿದು, ಬಾಯಿ ಒರೆಸಿಕೊಂಡರು. "ಅಲ್ಲಿಗೆ ನಾವು ಹದಿನೇಳು ಜಾಸ್ತಿನೇ ಕಟ್ಟಿದ್ದೀವಿ. ರಶೀದಿ ಮಾತ್ರ ಕೊಡ್ಲಿಲ್ಲ ನೋಡು."